‘ಅಣ್ಣ’ ಅನ್ನುವ ಮಾತು ಗಂಟಲಲ್ಲೇ ನಿಂತಾಗ

(ಆಪ್ತ ಸಮಾಲೋಚನೆಗೆಂದು ನನ್ನ ಬಳಿ ಬಂದ ಯುವತಿಯೊಬ್ಬರ ಕಥೆ ಇದು. ಆಕೆಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ವಿದೇಶದಲ್ಲಿ ಕೆಲಸದಲ್ಲಿರುವ 29 ವರ್ಷದ ಯುವತಿ. ವಿಡಿಯೊ ಕರೆಯಲ್ಲಿ ಮೊದಲ ಭೇಟಿ. ಅರ್ಧ ಗಂಟೆ ಬರೀ ಇಂಗ್ಲಿಷಿನಲ್ಲೇ ಮಾತಾಡಿದರು. “ನಮ್ಮ ಭಾಷೆಯಲ್ಲೇ ಹೇಳಬಹುದಲ್ಲಮ್ಮ” ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಭಾಷೆ ಕಿವಿಗೆ ಬಿದ್ದರೆ ಈಗ ಎದೆ ಡವಡವ ಅನ್ನುತ್ತೆ ಮೇಡಂ” ಅಂದರು.

ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಮನೆಯವರ ಫೋನು ಎತ್ತುತ್ತಿಲ್ಲ. ಇದೆಲ್ಲಕ್ಕಿಂತ ನನ್ನ ಮನಸ್ಸಿಗೆ ತಟ್ಟಿದ್ದು ಬೇರೆ. ಒಡಹುಟ್ಟಿದ ಅಣ್ಣನನ್ನು ‘ಅಣ್ಣ’ ಎಂದು ಕರೆಯಲು ಆಕೆಗೆ ಆಗುತ್ತಿರಲಿಲ್ಲ. ಮೋಸ ಮಾಡಿದವನನ್ನೂ ಹಾಗೇ ಕರೆದಿದ್ದರು.

ಆ ದೇಶಕ್ಕೆ ಹೋದ ಎರಡನೇ ವಾರ, ಬಸ್ ನಿಲ್ದಾಣದಲ್ಲಿ ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗ ಪಕ್ಕದಲ್ಲಿದ್ದ ಒಬ್ಬ ತಿರುಗಿ ನೋಡಿ, “ನಮ್ಮ ಮಾತು ಕೇಳಿ ಎಷ್ಟು ದಿನ ಆಗಿತ್ತಮ್ಮ!” ಅಂದನಂತೆ. ಬಾಡಿಗೆಗೆ ರೂಮು ಹುಡುಕಿಕೊಟ್ಟ. ಬ್ಯಾಂಕ್ ಖಾತೆ ತೆರೆಯುವಾಗ ಜೊತೆಗಿದ್ದ. ಜ್ವರ ಬಂದಾಗ ರಾತ್ರಿಯಿಡೀ ಆಸ್ಪತ್ರೆಯಲ್ಲಿ ಕೂತಿದ್ದ. ಟ್ಯಾಕ್ಸಿ ಖರ್ಚು ಕೊಡಲು ಹೋದರೂ ತೆಗೆದುಕೊಳ್ಳಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಹಣದ ಮಾತು ಬಂತು. ‘ನಮ್ಮವರು ನಮ್ಮವರೇ’ ಸೇರಿ ಮಾಡಿಕೊಂಡ ಹೂಡಿಕೆ, ತಿಂಗಳಿಗೆ ಶೇ. 5 ಲಾಭ. ಮೊದಲ ಎರಡು ತಿಂಗಳು ದುಡ್ಡು ಬಂತು ಕೂಡ. ಆಮೇಲೆ ಆಕೆ ಉಳಿತಾಯವನ್ನೆಲ್ಲ ಹಾಕಿದರು, ಸಾಲ ಮಾಡಿಯೂ ಹಾಕಿದರು. “ನನ್ನ ಖಾತೆಯ ಮಿತಿ ಮುಗಿದಿದೆ, ನಿನ್ನ ಖಾತೆಗೆ ಬರೋ ದುಡ್ಡನ್ನ ನಾನು ಹೇಳಿದವರಿಗೆ ಕಳಿಸಮ್ಮ” ಅಂದಾಗ ಅದನ್ನೂ ಮಾಡಿದರು. ಒಂದು ದಿನ ಆತನ ಫೋನು ಸ್ವಿಚ್ ಆಫ್. ವಿಚಾರಿಸಿದರೆ ನಮ್ಮವರೇ ಹಲವರು ಹಣ ಹಾಕಿದ್ದರು. ‘ಅವರೂ ಹಾಕಿದ್ದಾರೆ, ವಿಚಾರಿಸದೆ ಹಾಕಿರುತ್ತಾರಾ’ ಎಂದುಕೊಂಡೇ ಒಬ್ಬೊಬ್ಬರೂ ಹಾಕಿದ್ದು. ವಿಚಾರಿಸಿದವರು ಒಬ್ಬರೂ ಇರಲಿಲ್ಲ.

“ಇಷ್ಟು ಓದಿ ನಾನು ಇಷ್ಟು ದಡ್ಡಿನಾ?” ಎಂದು ಅತ್ತರು. 1920ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಚಾರ್ಲ್ಸ್ ಪೊಂಜಿ 45 ದಿನಕ್ಕೆ ಶೇ. 50 ಲಾಭ ಕೊಡುತ್ತೇನೆಂದು ಸಾವಿರಾರು ಜನರ ಹಣ ನುಂಗಿದ ಕಥೆ ಹೇಳಿದೆ. ಆತ ಇಟಲಿಯಿಂದ ವಲಸೆ ಬಂದವನು. ಕಳೆದುಕೊಂಡವರಲ್ಲಿ ಇಟಲಿಯಿಂದ ಬಂದವರೂ ಬಹಳ ಮಂದಿ ಇದ್ದರು. ಹಳಬರ ಲಾಭಕ್ಕೆ ಹೊಸಬರ ಹಣ ಕೊಡುವ ವಂಚನೆಗೆ ಇವತ್ತಿಗೂ ಅವನ ಹೆಸರೇ ಇದೆ. ತಿಂಗಳಿಗೆ 5 ಅಂದರೆ ವರ್ಷಕ್ಕೆ 60. ಈ ಲೆಕ್ಕ ಆಕೆಗೆ ಗೊತ್ತಿರಲಿಲ್ಲವೆಂದಲ್ಲ. ಆಸ್ಪತ್ರೆಯಲ್ಲಿ ರಾತ್ರಿ ಕೂತವನ ಮುಂದೆ ಲೆಕ್ಕ ಹಾಕುವುದು ಕೃತಘ್ನತೆ ಅನ್ನಿಸಿತ್ತು. ಇಂಥವರು ಹಿಡಿಯುವುದು ಈ ಋಣದ ಎಳೆಯನ್ನೇ. ಅದು ದಡ್ಡತನವಲ್ಲ.

ಮನಸ್ಸಿನ ಮಾತಿಗೆ ಮುಂಚೆ ಆಗಬೇಕಾದ ಕೆಲಸವಿತ್ತು. ಬೇರೆಯವರ ಹಣವನ್ನು ನಮ್ಮ ಖಾತೆಯಿಂದ ದಾಟಿಸಿದರೆ, ಗೊತ್ತಿಲ್ಲದೆ ಮಾಡಿದ್ದರೂ ಪ್ರಶ್ನೆ ನಮ್ಮ ಮೇಲೇ ಬರುತ್ತದೆ. ಇವತ್ತೇ ಬ್ಯಾಂಕಿಗೆ ನೀವಾಗಿಯೇ ತಿಳಿಸಿ, ವಕೀಲರೊಬ್ಬರನ್ನು ಕಂಡು ಪೊಲೀಸರಿಗೆ ದೂರು ಕೊಡಿ ಅಂದೆ. ರಾಯಭಾರ ಕಚೇರಿ ಹಣ ವಸೂಲಿ ಮಾಡಿಕೊಡುವುದಿಲ್ಲ. ವಕೀಲರ ಪಟ್ಟಿಯನ್ನು ಸಾಮಾನ್ಯವಾಗಿ ಕೊಡುತ್ತದೆ. ಆತನ ವಾಯ್ಸ್ ಮೆಸೇಜುಗಳಲ್ಲಿ ಅರ್ಧವನ್ನು ಸಿಟ್ಟಿನಲ್ಲಿ ಅಳಿಸಿಬಿಟ್ಟಿದ್ದರು. ಉಳಿದದ್ದನ್ನು ಆ ಕರೆ ಮುಗಿಯುವ ಮೊದಲೇ ಬೇರೆ ಕಡೆ ಉಳಿಸಿ ಇಡಿಸಿದೆ. ವಾರದೊಳಗೆ ಇನ್ನೊಬ್ಬ ‘ನಮ್ಮವನು’ ಫೋನು ಮಾಡಿ, ಫೀಸು ಕೊಟ್ಟರೆ ಹೋದ ಹಣ ವಾಪಸ್ ಕೊಡಿಸುತ್ತೇನೆ ಅಂದ. ಒಮ್ಮೆ ಮೋಸ ಹೋದವರನ್ನು ಹುಡುಕಿಕೊಂಡು ಬರುವ ಎರಡನೇ ಮೋಸ ಅದು. ಪುಣ್ಯಕ್ಕೆ ಆಕೆ ನನ್ನನ್ನು ಕೇಳಿದರು, ಕೊಡಲಿಲ್ಲ.

ಮೂರನೇ ಭೇಟಿಗೆ ಒಂದು ಹಾಳೆ ತರಲು ಹೇಳಿದ್ದೆ. ಒಂದು ಕಡೆ ಆತ ಕೊಟ್ಟದ್ದು, ಇನ್ನೊಂದು ಕಡೆ ಕಿತ್ತುಕೊಂಡದ್ದು. ಎಲ್ಲ ಬರೆದಿದ್ದರು. ಆಸ್ಪತ್ರೆಯ ರಾತ್ರಿ ಮಾತ್ರ ನಡುಗೆರೆಯ ಮೇಲಿತ್ತು. ಎರಡು ಸಲ ಬರೆದು ಹೊಡೆದುಹಾಕಿ ಮತ್ತೆ ಬರೆದ ಗುರುತಿತ್ತು. “ಅದು ನಿಜವಾಗಿತ್ತಾ, ನಾಟಕವಾ?” ಅಂದರು. ನನಗೂ ಗೊತ್ತಿಲ್ಲಮ್ಮ, ಅಲ್ಲೇ ಇರಲಿ, ನೀವು ತೀರ್ಮಾನ ಮಾಡಲೇಬೇಕೆಂದಿಲ್ಲ ಅಂದೆ. ಅವತ್ತು ಮೊದಲ ಸಲ ನೆಮ್ಮದಿಯಿಂದ ಉಸಿರು ಬಿಟ್ಟದ್ದನ್ನು ನೋಡಿದೆ.

“ಇನ್ನು ನಮ್ಮವರ ಸಹವಾಸವೇ ಬೇಡ” ಅನ್ನುವ ಮಾತನ್ನು ಮಾತ್ರ ನಾನು ಒಪ್ಪಲಿಲ್ಲ. ಒಂಟಿತನವೇ ಆಕೆಯನ್ನು ಆತನ ಕೈಗೆ ಕೊಟ್ಟದ್ದು. ಅದನ್ನೇ ಹೆಚ್ಚಿಸಿಕೊಂಡರೆ ಕಾವಲು ಹೇಗಾಗುತ್ತದೆ? ಬೆರೆಯಿರಿ, ಉಪಕಾರಕ್ಕೆ ಉಪಕಾರ ಮಾಡಿ. ದುಡ್ಡಿಗೆ ಮಾತ್ರ ಕಾಗದ ಕೇಳಿ. ಹಣ ತೆಗೆದುಕೊಳ್ಳುವವರಿಗೆ ಪರವಾನಗಿ ಇದೆಯೇ ಎಂದು ಆ ದೇಶದ ಹಣಕಾಸು ನಿಯಂತ್ರಕರ ಪಟ್ಟಿಯಲ್ಲಿ ನೀವೇ ನೋಡಿ, ಅವರು ತೋರಿಸಿದ ಕಾಗದದಲ್ಲಲ್ಲ. ಯಾರಾದರೂ ಪಾಸ್‌ಪೋರ್ಟ್ ಕೇಳಿದರೆ ತೋರಿಸಿ ಸಾಕು, ಅವರ ಕೈಗೆ ಕೊಟ್ಟು ಬರಬೇಡಿ. ಇನ್ನೊಂದು ಉಪಾಯವನ್ನು ನಾನು ತುಂಬ ನಂಬುತ್ತೇನೆ: ಯಾರಾದರೂ ಹೂಡಿಕೆಯ ಮಾತು ತಂದರೆ ಅದನ್ನು ನಮ್ಮವರಲ್ಲದ ಸಹೋದ್ಯೋಗಿಗೆ ಅವರ ಭಾಷೆಯಲ್ಲಿ ವಿವರಿಸಿ ನೋಡಿ. ‘ನಮ್ಮವರು’ ಅನ್ನುವ ಪದ ಬಿಟ್ಟು ಹೇಳುವಾಗ ಏನು ಉಳಿಯುತ್ತದೆಂದು ನಿಮಗೇ ಕೇಳಿಸುತ್ತದೆ.

ಮುಖಕ್ಕೆ ಹೊಡೆದಂತೆ ಇಲ್ಲ ಅನ್ನಲು ಆಕೆಗೆ ಬರುವುದಿಲ್ಲ. ಅದಕ್ಕೆ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಸಿದೆ: “ದುಡ್ಡಿನ ವಿಷಯ ಮನೆಯಲ್ಲಿ ಕೇಳದೆ ಮಾಡಲ್ಲ.” ಹೇಳಿದ ಮೇಲೆ ನಿಜವಾಗಿಯೂ ಕೇಳಬೇಕು ಅಂದೆ. ಆಗಲೇ ಆಕೆಗೆ ಹೊಳೆದದ್ದು, ಮನೆಯಲ್ಲಿ ಇನ್ನೂ ಏನೂ ಹೇಳಿಲ್ಲವೆಂದು.

ಹಣ ಬಂದಿಲ್ಲ, ಬ್ಯಾಂಕಿನ ವಿಚಾರಣೆ ಮುಗಿದಿಲ್ಲ. ಐದನೇ ಭೇಟಿಯಲ್ಲಿ, ಹಿಂದಿನ ರಾತ್ರಿ ಅಣ್ಣನಿಗೆ ಫೋನು ಮಾಡಿದ್ದನ್ನು ಹೇಳಿದರು. ಹೋದದ್ದೆಷ್ಟು ಎಂದು ಕೇಳಿದ ಮೇಲೆ ಆತ ಬಹಳ ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ, “ಇಷ್ಟು ದಿನ ಇದನ್ನ ಒಬ್ಬಳೇ ಹೊತ್ತುಕೊಂಡಿದ್ಯಾ?” ಅಂದನಂತೆ.

“ಹೂಂ ಅಣ್ಣ ಅಂದೆ ಮೇಡಂ. ಅಂದ ಮೇಲೆ ಗೊತ್ತಾಯ್ತು, ಅಂದುಬಿಟ್ಟೆ ಅಂತ.”