ಮೂರು ಸಾವಿರ ಪದ ಬಾಯಿಪಾಠ, ಬರವಣಿಗೆಗೆ ಮಾತ್ರ 6: ಕೋಲಾರದ ನರ್ಸ್ ಒಬ್ಬರ ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಊರು, ಕೆಲಸದ ವಿವರಗಳನ್ನು ಬದಲಿಸಲಾಗಿದೆ.)

ಇಂಗ್ಲಿಷ್ ಪರೀಕ್ಷೆಯ ತಯಾರಿಗೆ ನಮ್ಮ ಸಲಹೆ ಕೇಳಿ ಬಂದ ಈ ನರ್ಸ್ ಹೇಳಿಕೊಂಡ ದೂರು ಇಂಗ್ಲಿಷಿನದಲ್ಲ, ಮರೆವಿನದು. "ಮೇಡಂ, ಓದಿದ್ದು ನಿಲ್ತಾನೇ ಇಲ್ಲ. ತಲೆಗೇ ಏನಾದ್ರೂ ಆಗಿದ್ಯಾ ಅಂತ ಭಯ."

ಇಪ್ಪತ್ತೇಳರ ಹೆಣ್ಣುಮಗಳು. ಮುಳಬಾಗಿಲು ಕಡೆಯ ಹಳ್ಳಿ, ಮನೆಮಾತು ತೆಲುಗು, ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿಎಸ್‌ಸಿ ನರ್ಸಿಂಗ್. ಈಗ ಕೋಲಾರದ ಆಸ್ಪತ್ರೆಯೊಂದರಲ್ಲಿ ಶಿಫ್ಟ್ ಡ್ಯೂಟಿ. ಬ್ರಿಟನ್‌ಗೆ ಹೋಗಬೇಕೆಂದು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯನ್ನು ಎರಡು ಸಲ ಬರೆದಿದ್ದಾರೆ. ಎರಡು ಸಲವೂ ಓದುವುದು, ಕೇಳುವುದು, ಮಾತಾಡುವುದು ಮೂರರಲ್ಲೂ 9ಕ್ಕೆ 7 ಬಂದಿದೆ, ಬರವಣಿಗೆ ಮಾತ್ರ 6. "ನಿನಗೆ ದೊಡ್ಡ ಪದ ಸಾಲದು" ಎಂದು ಯಾರೋ ಹೇಳಿದ ಮೇಲೆ ಮೂರು ಸಾವಿರ ಪದಗಳ ಪಟ್ಟಿ ಹಿಡಿದು, ಎ ಅಕ್ಷರದಿಂದ ಶುರು ಮಾಡಿ ದಿನಕ್ಕೆ ಐವತ್ತು ಬಾಯಿಪಾಠ. ಸಂಜೆ ಅಣ್ಣ ಫೋನ್ ಮಾಡಿ ಹತ್ತು ಪದ ಕೇಳುತ್ತಾರೆ. ಬಾರದಿದ್ದರೆ ಮಾತು ಪರೀಕ್ಷೆ ಶುಲ್ಕದ ಕಡೆಗೆ, ಅಲ್ಲಿಂದ ಮದುವೆಯ ಕಡೆಗೆ ಹೊರಳುತ್ತದೆ.

ಮರೆವಿನ ಮಾತನ್ನು ಮೊದಲು ಕೈಗೆತ್ತಿಕೊಂಡೆವು. ಥೈರಾಯ್ಡ್, ಹಿಮೋಗ್ಲೋಬಿನ್ ಎರಡೂ ನೋಡಿಸಿಕೊಂಡಿದ್ದರು, ಸರಿಯಾಗಿದ್ದವು. ವಾರ್ಡಿನಲ್ಲಿ ಶಿಫ್ಟ್ ಬದಲಾಗುವಾಗ ಹನ್ನೆರಡು ರೋಗಿಗಳ ಔಷಧಿ, ಡ್ರಿಪ್, ಬಿಪಿ ಎಲ್ಲವನ್ನೂ ತಪ್ಪಿಲ್ಲದೆ ಒಪ್ಪಿಸುವವರ ನೆನಪಿನ ಶಕ್ತಿಗೆ ಏನೂ ಆಗಿಲ್ಲ. ಕೆಟ್ಟಿರುವುದು ನಿದ್ದೆ. ನೈಟ್ ಡ್ಯೂಟಿ ಮುಗಿಸಿ ಬಂದು ಹನ್ನೊಂದರವರೆಗೆ ಪಟ್ಟಿ ಉರು ಹೊಡೆದು, ಆಮೇಲೆ ನಾಲ್ಕು ಗಂಟೆ ಮಲಗುತ್ತಿದ್ದರು. ಕಲಿತದ್ದು ತಲೆಯಲ್ಲಿ ಗಟ್ಟಿಯಾಗಲು ನಿದ್ದೆ ಬೇಕು. ಓದಿದ್ದನ್ನು ಮತ್ತೆ ನೆನಪಿಸಿಕೊಳ್ಳದಿದ್ದರೆ ಮರೆಯುವುದು ಎಲ್ಲರ ಸ್ವಭಾವ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತಮ್ಮ ಮೇಲೆ ಪ್ರಯೋಗ ಮಾಡಿಕೊಂಡು ತೋರಿಸಿದ್ದು ಇದನ್ನೇ: ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚಿನದು ಜಾರಿಹೋಗುತ್ತದೆ. ಇದನ್ನು ಕೇಳಿ ಅವರು ಅತ್ತರು. ಅಷ್ಟು ದಿನ ಅದನ್ನು "ಕನ್ನಡ ಮೀಡಿಯಂ ತಲೆ"ಯ ದೋಷ ಎಂದುಕೊಂಡಿದ್ದರು.

ನಂತರ ಅವರದೇ ನೋಟ್‌ಬುಕ್ಕಿನಿಂದ ಇಪ್ಪತ್ತು ಪದ ಆರಿಸಿದೆವು. ಹದಿಮೂರಕ್ಕೆ ಕನ್ನಡ ಅರ್ಥ ಹೇಳಿದರು. ವಾಕ್ಯದಲ್ಲಿ ಸರಿಯಾಗಿ ಬಳಸಿದ್ದು ಮೂರನ್ನು. ನಿಜವಾದ ತೊಂದರೆ ಇಲ್ಲಿತ್ತು.

ಅವರ ಒಂದು ಪ್ರಬಂಧದಲ್ಲಿ "ಡಾಕ್ಟರ್ಸ್ ಮಿಟಿಗೇಟ್ ದಿ ಪೇಷಂಟ್ಸ್" ಎಂದಿತ್ತು. ನೋಟ್‌ಬುಕ್ಕಿನಲ್ಲಿ ರೆಡ್ಯೂಸ್, ಮಿಟಿಗೇಟ್, ಅಲೀವಿಯೇಟ್, ಡಿಮಿನಿಷ್ ನಾಲ್ಕರ ಎದುರಿಗೂ "ಕಡಿಮೆ ಮಾಡು" ಎಂದೇ ಬರೆದಿತ್ತು. ಒಂದೇ ಅರ್ಥ ಎಂದುಕೊಂಡು ಯಾವುದನ್ನು ಎಲ್ಲಿ ಬೇಕಾದರೂ ಇಟ್ಟಿದ್ದಾರೆ. ಆದರೆ ಇಂಗ್ಲಿಷಿನಲ್ಲಿ ಮಿಟಿಗೇಟ್ ಕೂಡಿಕೊಳ್ಳುವುದು ರಿಸ್ಕ್, ಇಂಪ್ಯಾಕ್ಟ್, ಎಫೆಕ್ಟ್ ಜೊತೆ. ಅಲೀವಿಯೇಟ್‌ಗೆ ಪೇನ್, ಸಫರಿಂಗ್, ಪಾವರ್ಟಿ. ರೋಗಿಯನ್ನು ಎರಡೂ ಮಾಡುವ ಹಾಗಿಲ್ಲ. ಐಇಎಲ್‌ಟಿಎಸ್ ಬರವಣಿಗೆಯಲ್ಲಿ ನಾಲ್ಕು ಅಳತೆಗಳಿವೆ, ಪದಬಳಕೆ ಅವುಗಳಲ್ಲಿ ಒಂದು, ಅದಕ್ಕೆ ಕಾಲು ಭಾಗದ ತೂಕ. ಅದರ 6ನೇ ಬ್ಯಾಂಡಿನ, ಎಂದರೆ 6 ಅಂಕದ ಮಟ್ಟದ, ವಿವರಣೆಯಲ್ಲಿ, ಧೈರ್ಯ ಮಾಡಿ ಹೆಚ್ಚು ಬಗೆಯ ಪದ ಬಳಸುವವರಲ್ಲಿ ತಪ್ಪೂ ಹೆಚ್ಚಿರುತ್ತದೆ ಎಂಬ ಮಾತಿದೆ. 7ರಲ್ಲಿ ಯಾವ ಪದ ಯಾವುದರ ಜೊತೆ ಹೋಗುತ್ತದೆ ಎಂಬ ಅರಿವು ಕಾಣಬೇಕು. ಎಂದರೆ ಪಟ್ಟಿ ಉದ್ದವಾದಷ್ಟೂ ಇವರು 6ರಲ್ಲೇ ಇನ್ನಷ್ಟು ಭದ್ರವಾಗುತ್ತಿದ್ದರು.

ಇನ್ನೊಂದು ತಪ್ಪು ತಿಳಿವಳಿಕೆ ಇತ್ತು: ನಾಲ್ಕರಲ್ಲೂ 7 ಬೇಕು ಎಂದು. ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್ ಕೇಳುವುದು ಒಟ್ಟಾರೆ 7, ಆದರೆ ಬರವಣಿಗೆಯಲ್ಲಿ 6.5 ಸಾಕು. ಅರ್ಜಿ ಹಾಕುವ ಮುನ್ನ ಕೌನ್ಸಿಲ್‌ನ ಜಾಲತಾಣದಲ್ಲಿ ಅಂದಿನ ನಿಯಮ ನೋಡಿಕೊಳ್ಳಬೇಕು, ಅದು ಬೇರೆ ಮಾತು. ಅರ್ಧ ಬ್ಯಾಂಡ್ ದೂರ ಇದೆ ಎಂದು ಗೊತ್ತಾದದ್ದೇ ಅವರ ಮುಖ ಸಡಿಲವಾಯಿತು.

ಕೊಟ್ಟ ಸಲಹೆಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಹೊಸ ಪದದ ಬಗ್ಗೆ ಅಲ್ಲ. ವಾರ್ಡಿನಲ್ಲಿ ದಿನವೂ ಬಳಸುವ ಪದಗಳನ್ನು ಬರೆಯಿರಿ ಎಂದೆವು. ಅಕ್ಯೂಟ್, ಕ್ರಾನಿಕ್, ಅಡ್ವರ್ಸ್, ಡಿಟೀರಿಯರೇಟ್, ಮಾನಿಟರ್, ಇಂಟರ್‌ವೆನ್ಷನ್. ಇವೆಲ್ಲ ಪ್ರಬಂಧದಲ್ಲೂ ಮೇಲ್ಮಟ್ಟದ ಪದಗಳೇ, ಮತ್ತು ಇವರ ಕೈಯಲ್ಲಿ ಪಳಗಿದವು. ಕೋಲಾರದ ನೀರಿನ ಬಗ್ಗೆ ಒಂದು ಪ್ಯಾರಾ ಬರೆಸಿದೆವು: "ಕ್ರಾನಿಕ್ ವಾಟರ್ ಶಾರ್ಟೇಜ್" ಬಂತು, "ಅಡ್ವರ್ಸ್ ಎಫೆಕ್ಟ್ ಆನ್ ಫಾರ್ಮರ್ಸ್" ಬಂತು, "ಗ್ರೌಂಡ್‌ವಾಟರ್ ಕ್ವಾಲಿಟಿ ಹ್ಯಾಸ್ ಡಿಟೀರಿಯರೇಟೆಡ್" ಬಂತು. ಮೂರೂ ಸರಿ. ಪಟ್ಟಿ ತೆರೆಯದೆ ಬರೆದದ್ದು. ಕೆಲಸದ ಮೂಲಕ ಇಂಗ್ಲಿಷ್ ಕಲಿತ ಯಾರಿಗೇ ಆಗಲಿ, ಮೊದಲು ಇಲ್ಲಿಂದ ಹೊರಡಿ ಎನ್ನುತ್ತೇವೆ.

ಹೊಸ ಪದಗಳಿಗೆ ಮೂರು ಸಾವಿರದ ಪಟ್ಟಿ ಬಿಡಿಸಿ, ಎವೆರಿಲ್ ಕಾಕ್ಸ್‌ಹೆಡ್ 2000ರಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್, ಎಂದರೆ ಉನ್ನತ ಶಿಕ್ಷಣದ ಬರಹಗಳಲ್ಲಿ ಹೆಚ್ಚಾಗಿ ಬರುವ ಪದಗಳ ಪಟ್ಟಿ, ಕೊಟ್ಟೆವು. ಅದರಲ್ಲಿ 570 ಪದಕುಟುಂಬಗಳಿವೆ (ಒಂದು ಪದ ಮತ್ತು ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ), ಹೆಚ್ಚು ಬಳಕೆಯವು ಮೊದಲು ಬರುವಂತೆ ಹತ್ತು ಭಾಗ ಮಾಡಿದ್ದಾರೆ. ವಾಕ್ಯ ಮಾಡಲು ಬಂದವನ್ನು ಹೊಡೆದುಹಾಕಿದ ಮೇಲೆ ಇವರಿಗೆ ಉಳಿದದ್ದು ಸುಮಾರು ನೂರ ನಲವತ್ತು. ದಿನಕ್ಕೆ ಐದು, ವಾರಕ್ಕೆ ಐದು ದಿನ. ಉಳಿದೆರಡು ದಿನ ಹಳೆಯದರ ತಿರುವು ಮಾತ್ರ. ಆರು ವಾರದ ಕೆಲಸ.

ಒಂದು ಪದಕ್ಕೆ ಒಂದು ರಟ್ಟಿನ ಚೀಟಿ. ಮುಂದೆ ಪದವಿರುವ ಜಾಗ ಖಾಲಿ ಬಿಟ್ಟ ಒಂದು ವಾಕ್ಯ, ಸುಳಿವಿಗೆ ಮೊದಲ ಅಕ್ಷರ. ಹಿಂದೆ ಆ ಪದ, ಅದರ ಜೊತೆ ಬರುವ ಎರಡು ಪದ, ಒತ್ತು ಬೀಳುವ ಜಾಗಕ್ಕೆ ಗೆರೆ. ಕನ್ನಡದಲ್ಲಿ ನಾವು ಅಕ್ಷರಗಳನ್ನು ಹೆಚ್ಚುಕಡಿಮೆ ಒಂದೇ ತೂಕದಲ್ಲಿ ಹೇಳುತ್ತೇವೆ, ಆದ್ದರಿಂದ ಈ ಗೆರೆ ಬೇಕೇ ಬೇಕು: ಮಿಟಿಗೇಟ್‌ನಲ್ಲಿ ಒತ್ತು "ಮಿ" ಮೇಲೆ, ಅಲೀವಿಯೇಟ್‌ನಲ್ಲಿ "ಲೀ" ಮೇಲೆ. ಕನ್ನಡ ಅರ್ಥ ಕೊನೆಗೆ, ಸಣ್ಣಕ್ಷರದಲ್ಲಿ. ಜೊತೆಪದಗಳನ್ನು ಇಂಗ್ಲಿಷ್–ಕನ್ನಡ ಆ್ಯಪ್‌ನಿಂದ ಅಲ್ಲ, ಆಕ್ಸ್‌ಫರ್ಡ್ ಅಥವಾ ಕೇಂಬ್ರಿಡ್ಜ್‌ನ ಕಲಿಯುವವರ ನಿಘಂಟಿನ ಉದಾಹರಣೆ ವಾಕ್ಯಗಳಿಂದ ತೆಗೆಯಬೇಕು. ಎರಡೂ ಫೋನಿನಲ್ಲಿ ಉಚಿತವಾಗಿ ಸಿಗುತ್ತವೆ, ಉಚ್ಚಾರಣೆಯೂ ಕೇಳಿಸುತ್ತದೆ.

ಚೀಟಿಗಳಿಗೆ ಚಪ್ಪಲಿ ಡಬ್ಬಿಯಲ್ಲಿ ಐದು ಖಾನೆ. ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ಪದ್ಧತಿ ಇದು. ಮೊದಲ ಖಾನೆ ದಿನವೂ, ಎರಡನೆಯದು ಎರಡು ದಿನಕ್ಕೊಮ್ಮೆ, ಮೂರನೆಯದು ನಾಲ್ಕು ದಿನಕ್ಕೆ, ನಾಲ್ಕನೆಯದು ವಾರಕ್ಕೆ, ಐದನೆಯದು ಹದಿನೈದು ದಿನಕ್ಕೆ. ಸರಿಯಾದರೆ ಮುಂದಿನ ಖಾನೆ, ತಪ್ಪಿದರೆ ಎಲ್ಲಿದ್ದರೂ ಮೊದಲನೆಯದಕ್ಕೆ. ಇಲ್ಲಿ ಹಲವರು ಎಡವುತ್ತಾರೆ: ಉತ್ತರ ಹೊಳೆಯುವ ಮೊದಲೇ ಚೀಟಿ ತಿರುವಿ "ಗೊತ್ತಿತ್ತು" ಎಂದುಕೊಳ್ಳುತ್ತಾರೆ. ಬಾಯಿಬಿಟ್ಟು ಹೇಳಿದ ಮೇಲೆಯೇ ತಿರುವಬೇಕು. ಅಡ್ವರ್ಸ್–ಅವರ್ಸ್, ಪ್ರಿಸ್ಕ್ರೈಬ್–ಪ್ರೊಸ್ಕ್ರೈಬ್‌ನಂಥ ಜೋಡಿಗಳು ಒಂದೇ ವಾರದಲ್ಲಿ ಬರಕೂಡದು, ಒಂದರ ಮೇಲೊಂದು ಕಲಸಿಹೋಗುತ್ತವೆ. ಅಕಾರಾದಿ ಪಟ್ಟಿಯ ದೊಡ್ಡ ದೋಷವೇ ಇದು. ಸಮಯ ಡ್ಯೂಟಿಗೆ ಹೋಗುವ ಮುನ್ನ ಇಪ್ಪತ್ತು ನಿಮಿಷ. ನೈಟ್ ಡ್ಯೂಟಿ ಮುಗಿದ ಬೆಳಗ್ಗೆ ಪುಸ್ತಕ ಮುಟ್ಟುವ ಹಾಗಿಲ್ಲ, ಊಟ ಮಾಡಿ ನಿದ್ದೆ.

ವಾರಕ್ಕೆ ಎರಡು ಪ್ರಬಂಧ, ಒಂದೊಂದೂ 40 ನಿಮಿಷ, 250 ಪದ. ಮೂರನೇ ಖಾನೆ ದಾಟಿದ ಪದಗಳಿಗೆ ಮಾತ್ರ ಒಳಗೆ ಪ್ರವೇಶ, ಅದೂ ಒಂದು ಪ್ರಬಂಧಕ್ಕೆ ನಾಲ್ಕಕ್ಕಿಂತ ಹೆಚ್ಚಿಲ್ಲ. ಅನುಮಾನ ಬಂದ ಕಡೆ ಸಾದಾ ಪದ. ರೆಡ್ಯೂಸ್ ಎಂದು ಬರೆದರೆ ಯಾರೂ ಅಂಕ ಕಳೆಯುವುದಿಲ್ಲ.

ಅಣ್ಣನ ಜೊತೆಯೂ ಒಮ್ಮೆ ಮಾತಾಡಿದೆವು. ತಂಗಿಯ ಮೇಲಿನ ಕಾಳಜಿಯಿಂದಲೇ ಅವರು ಕೇಳುತ್ತಿದ್ದದ್ದು. ಪದ ಕೇಳುವುದನ್ನು ನಿಲ್ಲಿಸಿ, ಅವಳು ಅಂದು ಓದಿದ ಇಂಗ್ಲಿಷ್ ಲೇಖನದಲ್ಲಿ ಏನಿತ್ತು ಎಂದು ತೆಲುಗಿನಲ್ಲಿ ಹೇಳಿಸಿಕೊಳ್ಳಿ ಎಂದೆವು. ಒಪ್ಪಿದರು.

ಎಂಟನೇ ವಾರಕ್ಕೆ ನಿದ್ದೆ ಆರೂವರೆ ಗಂಟೆಗೆ ಬಂದಿದೆ, ಮರೆವಿನ ಮಾತಿಲ್ಲ. ಪದಗಳ ತಪ್ಪು ಪ್ರಬಂಧಕ್ಕೆ ಒಂಬತ್ತು ಹತ್ತರಿಂದ ಮೂರು ನಾಲ್ಕಕ್ಕೆ ಇಳಿದಿದೆ. "ಎ", "ದಿ" ಬಳಕೆಯ ತಪ್ಪುಗಳು ಹಾಗೇ ಇವೆ, ಅದಕ್ಕೆ ವ್ಯಾಕರಣ ಹೇಳಿಕೊಡುವವರ ಹತ್ತಿರ ಕಳಿಸಿದ್ದೇವೆ. ಸತತ ಮೂರು ಪ್ರಬಂಧಗಳಲ್ಲಿ ಪದದ ತಪ್ಪು ಎರಡಕ್ಕಿಂತ ಹೆಚ್ಚಿರದಿದ್ದರೆ ಮಾತ್ರ ಮೂರನೇ ಸಲದ ದಿನಾಂಕ ಬುಕ್ ಮಾಡುವುದು ಎಂದು ಅವರೇ ಗೊತ್ತುಮಾಡಿಕೊಂಡಿದ್ದಾರೆ.