ಕ್ರಿಶ್ಚಿಯನ್ ಕಾಲೇಜಿನವರು ಕೊಟ್ಟ ಇಂಟರ್ನೆಟ್ ಫಾರ್ಮಿಗೆ ಸಹಿ ಹಾಕಬಹುದಾ?

ಸರ್, ನೀವು ಕೇಳಿದ್ದು ಇದು: ಮಗಳಿಗೆ ಮಂಗಳೂರು ಕಡೆಯ ಒಂದು ಕ್ರಿಶ್ಚಿಯನ್ ಕಾಲೇಜಿನಲ್ಲಿ ಬಿಸಿಎ ಸೀಟು ಸಿಕ್ಕಿದೆ, ಹಾಸ್ಟೆಲ್ಲೂ ಅಲ್ಲೇ. ಅಡ್ಮಿಷನ್ ದಿನ ಕಂಪ್ಯೂಟರ್ ಮತ್ತು ಇಂಟರ್ನೆಟ್ ಬಳಕೆಯ ನಿಯಮ ಅಂತ ನಾಲ್ಕು ಪುಟದ ಫಾರ್ಮ್ ಕೊಟ್ಟು, ಮಗಳದ್ದೂ ನಿಮ್ಮದೂ ಸಹಿ ಬೇಕು ಅಂದಿದ್ದಾರೆ. 'ಅನೈತಿಕ ವಿಷಯ ನೋಡಬಾರದು', 'ಬಳಕೆಯನ್ನು ಗಮನಿಸುವ ಹಕ್ಕು ಕಾಲೇಜಿಗಿದೆ', 'ಫೋನಿನ ಮ್ಯಾಕ್ ಅಡ್ರೆಸ್ ಕೊಡಬೇಕು' ಅಂತೆಲ್ಲ ಅದರಲ್ಲಿದೆ. (ಮ್ಯಾಕ್ ಅಡ್ರೆಸ್ ಅಂದರೆ ವೈಫೈಗೆ ಸೇರುವಾಗ ಫೋನ್ ತೋರಿಸುವ ಗುರುತಿನ ಸಂಖ್ಯೆ.) ಇದು ಧರ್ಮದ ಕಟ್ಟುಪಾಡಾ, ಮಗಳ ವಾಟ್ಸ್ಆ್ಯಪ್ ಓದ್ತಾರಾ, ಸಹಿ ಹಾಕಬಹುದಾ?

ನಾನು ಅಂಥದ್ದೇ ಒಂದು ಕಾಲೇಜಿನಲ್ಲಿ ಹನ್ನೊಂದು ವರ್ಷ ಇದ್ದವನು. ಮೊದಲು ಲ್ಯಾಬ್ ಅಸಿಸ್ಟೆಂಟ್, ಆಮೇಲೆ ಸಿಸ್ಟಮ್ ಅಡ್ಮಿನ್. ನಿಮ್ಮ ಕೈಯಲ್ಲಿರುವಂಥ ಫಾರ್ಮನ್ನು ಎರಡು ಸಲ ತಿದ್ದಿದ್ದೇನೆ. ಸಹಿ ಹಾಕಿ, ಆದರೆ ಓದಿ ಹಾಕಿ. ನಿಮಗೆ ಹೆದರಿಕೆ ಹುಟ್ಟಿಸಿದ ಸಾಲುಗಳಿಂದ ಯಾರಿಗಾದರೂ ತೊಂದರೆ ಆದದ್ದು ನಾನು ಕಂಡಿಲ್ಲ. ಎಲ್ಲೋ ಮೂರನೇ ಪುಟದಲ್ಲಿ 'ಲಾಗಿನ್ ಐಡಿ, ಪಾಸ್‌ವರ್ಡ್ ಬೇರೆಯವರಿಗೆ ಕೊಡಬಾರದು' ಅಂತ ಒಂದು ಸಾಲು ಇರುತ್ತದೆ. ಮಕ್ಕಳು ಸಿಕ್ಕಿಬೀಳುವುದು ಅಲ್ಲೇ.

ಒಂದು ಸಲ ಸೆನ್ ಠಾಣೆಯಿಂದ ನಮ್ಮ ಪ್ರಿನ್ಸಿಪಾಲ್ ಫಾದರ್ ಹೆಸರಿಗೆ ಪತ್ರ ಬಂತು. ಸೈಬರ್, ಆರ್ಥಿಕ ಅಪರಾಧ, ಮಾದಕ ವಸ್ತು, ಈ ಮೂರನ್ನೂ ನೋಡುವ ಠಾಣೆ ಅದು. ಯಾರೋ ನಮ್ಮದೇ ಕಾಲೇಜಿನ ಒಬ್ಬ ಹುಡುಗಿಯ ಫೋಟೊ ಹಾಕಿ ನಕಲಿ ಇನ್‌ಸ್ಟಾಗ್ರಾಮ್ ಖಾತೆ ತೆರೆದಿದ್ದರು. ಖಾತೆ ತೆರೆದ ಐಪಿ ಅಡ್ರೆಸ್, ಅಂದರೆ ಇಂಟರ್ನೆಟ್ ಸಂಪರ್ಕದ ವಿಳಾಸ, ನಮ್ಮದು. ಇಂಥ ತಾರೀಕು, 14.10ಕ್ಕೆ, ಬಳಸುತ್ತಿದ್ದವರು ಯಾರು ತಿಳಿಸಿ ಅಂತ ಬರೆದಿದ್ದರು.

ಫೈರ್‌ವಾಲ್ ಲಾಗ್ ತೆಗೆದೆ, ಅಂದರೆ ಕಾಲೇಜಿನ ಇಂಟರ್ನೆಟ್ಟಿಗೆ ಕಾವಲಿರುವ ಯಂತ್ರ ಬರೆದಿಡುವ ದಾಖಲೆ. ಹೊರಗಿನಿಂದ ನೋಡಿದರೆ ಇಡೀ ಕಾಲೇಜಿಗೆ ಒಂದೇ ಐಪಿ. ಒಳಗೆ ನೂರಾರು ಫೋನು. ಮಧ್ಯಾಹ್ನ ಎರಡು ಹತ್ತು ಅಂದರೆ ಊಟ ಮುಗಿಸಿ ಬಂದು ಕೂತ ಹೊತ್ತು, ಇನ್‌ಸ್ಟಾಗ್ರಾಮ್ ತೆರೆದವರೇ ಮೂವತ್ತು ಚಿಲ್ಲರೆ ಜನ. ಅವರಲ್ಲಿ ಆ ಹುಡುಗಿಯ ಕ್ಲಾಸಿನವರು ಮೂವರು. ಮೂವರನ್ನೂ ಆಫೀಸಿಗೆ ಕರೆಸಿ ಬೆಂಚಿನ ಮೇಲೆ ಕೂರಿಸಿದರು. ಒಬ್ಬನಂತೂ ಏನೂ ಕೇಳುವ ಮೊದಲೇ ಅಳುವುದಕ್ಕೆ ಶುರು ಮಾಡಿದ. ಅತ್ತವನ ಮೇಲೇ ಎಲ್ಲರಿಗೂ ಅನುಮಾನ ಬಂತು, ನನಗೂ.

ಸಂಜೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ಹೊಳೆಯಿತು. ಆ 14.10 ನಮ್ಮ ಗಡಿಯಾರದ್ದಲ್ಲ, ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ! ಇಂಥ ಕಂಪನಿಗಳ ದಾಖಲೆಯಲ್ಲಿ ಸಮಯ ಸಾಮಾನ್ಯವಾಗಿ ಹಾಗೇ ಇರುತ್ತದೆ, ಪತ್ರ ಬರೆದವರು ಅದನ್ನೇ ಎತ್ತಿ ಬರೆದಿದ್ದರು. ಐದೂವರೆ ಗಂಟೆ ಸೇರಿಸಬೇಕು. ಅಂದರೆ ರಾತ್ರಿ 7.40. ಮುಂದಿನ ಸ್ಟಾಪಿನಲ್ಲೇ ಇಳಿದು ವಾಪಸ್ ಬಂದೆ. 7.40ಕ್ಕೆ ಹಾಸ್ಟೆಲ್ಲಿನಲ್ಲಿ ಸ್ಟಡಿ ಅವರ್ಸ್, ಲಾಗ್ ಹೆಚ್ಚುಕಮ್ಮಿ ಖಾಲಿ. ಇನ್‌ಸ್ಟಾಗ್ರಾಮ್ ಕಡೆ ಹೋಗಿದ್ದದ್ದು ಒಂದೇ ಒಂದು ಐಡಿ. ಬೆಂಚಿನ ಮೇಲೆ ಕೂತಿದ್ದ ಮೂವರಲ್ಲಿ ಯಾರದ್ದೂ ಅಲ್ಲ.

ಇನ್ನೂ ಕೇಳಿ. ಆ ಐಡಿಯ ಹುಡುಗನಿಗೂ ಏನೂ ಗೊತ್ತಿರಲಿಲ್ಲ. ನಮ್ಮಲ್ಲಿ ದಿನಕ್ಕೆ ಇಷ್ಟು ಡೇಟಾ ಅಂತ ಕೋಟಾ ಇತ್ತು. ರೂಮ್‌ಮೇಟಿನ ಕೋಟಾ ಮುಗಿದಿತ್ತು. "ಅಸೈನ್‌ಮೆಂಟ್ ಕಳಿಸ್ಬೇಕು, ನಿನ್ ಪಾಸ್‌ವರ್ಡ್ ಕೊಡೋ" ಅಂದಿದ್ದ, ಇವನು ಕೊಟ್ಟಿದ್ದ. ಅಷ್ಟೇ. ಆದರೆ ಲಾಗಿನಲ್ಲಿ ಬಂದದ್ದು ಇವನ ಹೆಸರು. ಠಾಣೆಗೆ ಎರಡು ದಿನ ಓಡಾಡಿದವನು ಇವನು. ಇವನ ಅಪ್ಪ ಅಡಿಕೆ ಕೊಯ್ಲು ಬಿಟ್ಟು ಘಟ್ಟ ಇಳಿದು ಬಂದಿದ್ದರು. ಕೊನೆಗೆ ಇವನನ್ನು ಉಳಿಸಿದ್ದು ಏನು ಗೊತ್ತಾ? ನಿಮಗೆ ಇಷ್ಟವಾಗದ ಆ ಮ್ಯಾಕ್ ಅಡ್ರೆಸ್. ಐಡಿ ಇವನದ್ದು, ಫೋನ್ ಮಾತ್ರ ರೂಮ್‌ಮೇಟಿನದ್ದು ಅಂತ ತೋರಿಸುವುದಕ್ಕೆ ಆ ಒಂದು ದಾಖಲೆ ಇತ್ತು. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ ಐಟಿ ಕಾಯ್ದೆಯ 66ಸಿ ಕಲಂ ಬೀಳುತ್ತದೆ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಹದಿನೆಂಟು ವರ್ಷದ ಹುಡುಗನಿಗೆ ಇದನ್ನು ಓದಿ ಹೇಳುವಾಗ ನನ್ನ ಬಾಯಿಯೇ ಒಣಗಿತ್ತು.

ಅಂದಹಾಗೆ, ಈಗಿನ ಆಂಡ್ರಾಯ್ಡ್ ಮತ್ತು ಐಫೋನುಗಳು ಪ್ರತಿ ವೈಫೈಗೂ ಒಂದು ಸುಳ್ಳು ಮ್ಯಾಕ್ ಅಡ್ರೆಸ್ ತೋರಿಸುತ್ತವೆ. ಕಾಲೇಜಿನ ವೈಫೈಗೆ ಮಾತ್ರ ಅದನ್ನು ಆಫ್ ಮಾಡಿ ಅಂತ ಹೇಳಿದರೆ ಗಾಬರಿ ಆಗಬೇಡಿ.

ಕಾಲೇಜಿಗೆ ಇಷ್ಟೆಲ್ಲ ಲಾಗ್ ಯಾಕೆ ಬೇಕು ಅಂತ ನೀವು ಕೇಳಬಹುದು. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟಕ್ಕೆ ಕೆಲವೇ ನಿಮಿಷ ಮೊದಲು ಹೋದ ಬೆದರಿಕೆ ಇಮೇಲ್, ನವಿ ಮುಂಬೈನಲ್ಲಿ ಬಾಡಿಗೆಗಿದ್ದ ಒಬ್ಬ ಅಮೆರಿಕನ್ನರ ವೈಫೈನಿಂದ ಹೋಗಿತ್ತು. ಅವರಿಗೂ ಇಮೇಲ್‌ಗೂ ಸಂಬಂಧ ಇರಲಿಲ್ಲ. ಯಾರೋ ಅವರ ವೈಫೈ ಹಿಡಿದು ಕಳಿಸಿದ್ದರು. ಆದರೂ ಪೊಲೀಸರು ಮೊದಲು ಬಂದು ನಿಂತದ್ದು ಅವರ ಬಾಗಿಲಿಗೆ. ಯಾರು ಯಾವಾಗ ಬಳಸಿದರು ಅನ್ನುವುದರ ಲೆಕ್ಕ ಇಡಬೇಕು ಅನ್ನುವ ಒತ್ತಡ ಅಲ್ಲಿಂದ ಈಚೆಗೆ ಹೆಚ್ಚುತ್ತಲೇ ಬಂದಿದೆ. 2022ರ ಏಪ್ರಿಲ್‌ನಲ್ಲಿ ಸೈಬರ್ ಸುರಕ್ಷತೆ ನೋಡುವ ಕೇಂದ್ರದ ಸರ್ಟ್-ಇನ್ ಸಂಸ್ಥೆ ಹೊರಡಿಸಿದ ನಿರ್ದೇಶನದಲ್ಲಿ ಲಾಗ್‌ಗಳನ್ನು 180 ದಿನ ಇಟ್ಟಿರಬೇಕು ಅಂತಿದೆ. ಇದಕ್ಕೂ ಬೈಬಲ್ಲಿಗೂ ಯಾವ ನಂಟೂ ಇಲ್ಲ.

ಈಗ ವಾಟ್ಸ್ಆ್ಯಪ್ ವಿಷಯ. ಓದಲು ಆಗುವುದಿಲ್ಲ. 2016ರಿಂದ ಅದರ ಮೆಸೇಜುಗಳು ಕಳಿಸಿದವರ ಫೋನಿನಿಂದ ಪಡೆದವರ ಫೋನಿನವರೆಗೆ ಬೀಗ ಹಾಕಿಕೊಂಡೇ ಹೋಗುತ್ತವೆ. ಬ್ಯಾಂಕ್, ಜಿಮೇಲ್ ಕೂಡ ಹಾಗೇ, ಒಳಗಿನದ್ದು ಕಾಣಿಸುವುದಿಲ್ಲ. ನನಗೆ ಕಾಣಿಸುತ್ತಿದ್ದದ್ದು ಇಷ್ಟು: ಇಂಥ ಐಡಿ, ಇಷ್ಟು ಗಂಟೆಗೆ, ಯೂಟ್ಯೂಬಿಗೆ ಹೋಯಿತು, ಇಷ್ಟು ಎಂಬಿ ಎಳೆಯಿತು. ಯಾವ ವಿಡಿಯೊ ಅಂತ ಗೊತ್ತಾಗುತ್ತಿರಲಿಲ್ಲ. ಆದರೆ ಒಂದು ಮಾತು ನೆನಪಿಡಿ. ಮಗಳ ಸ್ವಂತ ಫೋನಿಗೋ ಲ್ಯಾಪ್‌ಟಾಪಿಗೋ 'ಸರ್ಟಿಫಿಕೇಟ್ ಇನ್‌ಸ್ಟಾಲ್ ಮಾಡಿ' ಅಂದರೆ ಮಾತ್ರ ಯಾಕೆ ಅಂತ ಕೇಳಿ. ಅದನ್ನು ಹಾಕಿದರೆ ಆ ಬೀಗದ ಇನ್ನೊಂದು ಕೀ ಫೈರ್‌ವಾಲ್ ಕೈಗೆ ಹೋಗಬಹುದು, ಬ್ರೌಸರಿನಲ್ಲಿ ನೋಡುವ ಎಷ್ಟೋ ಪುಟಗಳು ತೆರೆದುಕೊಳ್ಳುತ್ತವೆ. ಲ್ಯಾಬಿನ ಕಂಪ್ಯೂಟರ್ ಬೇರೆ ಲೆಕ್ಕ. ಅದು ಕಾಲೇಜಿನ ಸ್ವತ್ತು, ಮೇಡಂ ಟೇಬಲ್ಲಿನಿಂದ ಎಲ್ಲರ ಸ್ಕ್ರೀನೂ ಕಾಣಿಸುವ ಹಾಗೆ ಮಾಡಿರುತ್ತಾರೆ. ಅಲ್ಲಿ ಬ್ಯಾಂಕಿನ ಕೆಲಸ ಬೇಡ ಅಂತ ಹೇಳಿ. ಇನ್ನು, ದಿನಾ ಕೂತು ಯಾರು ಏನು ನೋಡಿದರು ಅಂತ ಓದುತ್ತಾರೆ ಅನ್ನುವ ಭಯ ಬಿಡಿ. ಸಾವಿರ ಮಕ್ಕಳ ಲಾಗ್ ಓದುತ್ತಾ ಕೂತರೆ ಆಫೀಸಿನ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಪೇಪರ್ ತೆಗೆಯುವವರು ಯಾರು?

ಧರ್ಮದ ಪ್ರಶ್ನೆ. ಅಮೆರಿಕದ ಕೆಲವು ಕ್ರಿಶ್ಚಿಯನ್ ಕಾಲೇಜುಗಳಲ್ಲಿ ನೀವು ಅಂದುಕೊಂಡ ಥರದ್ದು ನಿಜವಾಗಿಯೂ ಇದೆ. ಇಲಿನಾಯ್‌ನ ವೀಟನ್ ಕಾಲೇಜಿನಲ್ಲಿ ಸೇರುವವರು ಹೇಗೆ ಬದುಕುತ್ತೇವೆ ಅಂತ ಒಂದು ಒಡಂಬಡಿಕೆಗೆ ಒಪ್ಪಬೇಕು. ಅಲ್ಲಿ ಕ್ಯಾಂಪಸ್ಸಿನಲ್ಲಿ ಮೊದಲ ಡ್ಯಾನ್ಸ್ ನಡೆದದ್ದೇ 2003ರಲ್ಲಿ! ಯೂಟಾದ ಮಾರ್ಮನ್ ವಿಶ್ವವಿದ್ಯಾಲಯ ಬ್ರಿಗಮ್ ಯಂಗ್, ಯೂಟ್ಯೂಬಿಗೆ ಹಾಕಿದ್ದ ತಡೆಯನ್ನು ತೆಗೆದದ್ದು 2009ರಲ್ಲಿ. ಅಲ್ಲಿಗೆ ಹೋಗುವವರು ಹೆಚ್ಚಾಗಿ ಅದೇ ನಂಬಿಕೆಯವರು, ಗೊತ್ತಿದ್ದೇ ಹೋಗುತ್ತಾರೆ. ನಮ್ಮಲ್ಲಿ ಹಾಗಲ್ಲ. ನನ್ನ ಲ್ಯಾಬಿನಲ್ಲಿ ಶೆಟ್ಟಿ, ಭಟ್, ಪೂಜಾರಿ, ಬ್ಯಾರಿ ಮಕ್ಕಳೇ ಜಾಸ್ತಿ ಇದ್ದರು. ಸರ್ಕಾರದ ಮಾನ್ಯತೆ ಇರುವ ಕಾಲೇಜು ಯಾರನ್ನೂ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೆ ಕೂರಿಸುವ ಹಾಗಿಲ್ಲ, ಸಂವಿಧಾನದ 28ನೇ ವಿಧಿಯಲ್ಲೇ ಅದಿದೆ.

'ಅನೈತಿಕ' ಅನ್ನುವ ಪದ ಫಾರ್ಮಿನಲ್ಲಿ ದೊಡ್ಡದಾಗಿ ಕಾಣಿಸುತ್ತದೆ. ಕೆಲಸದಲ್ಲಿ ಅದು ಫೈರ್‌ವಾಲ್ ಕಂಪನಿಯವರೇ ಮಾಡಿಕೊಟ್ಟ ಪಟ್ಟಿಗೆ ಟಿಕ್ ಹಾಕುವುದು, ಅಷ್ಟೇ. ಅಶ್ಲೀಲ, ಜೂಜು, ಟೊರೆಂಟ್, ಪ್ರಾಕ್ಸಿ. ಮಠದ ಇಂಜಿನಿಯರಿಂಗ್ ಕಾಲೇಜಿಗೆ ಹೋದರೂ ಇದೇ ಟಿಕ್ಕುಗಳು. ತೊಂದರೆ ಬೇರೆ ಕಡೆ ಇದೆ. ಈ ಪಟ್ಟಿಗಳಿಗೆ ಬುದ್ಧಿ ಕಡಿಮೆ. ಸೈಕಾಲಜಿ ಓದುತ್ತಿದ್ದ ಒಬ್ಬ ಹುಡುಗಿಗೆ ಸ್ತನ ಕ್ಯಾನ್ಸರ್ ಬಗ್ಗೆ ಪ್ರಾಜೆಕ್ಟ್ ಇತ್ತು. ಪುಟ ತೆರೆದರೆ 'ಅಶ್ಲೀಲ, ತಡೆಯಲಾಗಿದೆ' ಅಂತ ಕೆಂಪು ಅಕ್ಷರ. ಲ್ಯಾಬ್ ತುಂಬ ಜನ ಇರುವಾಗ ಅವಳ ಸ್ಕ್ರೀನ್ ಮೇಲೆ! ಅವಳು ನನ್ನ ಹತ್ತಿರ ಬಂದು ಹೇಳಲೇ ಇಲ್ಲ. ಎರಡು ವಾರ ಆದ ಮೇಲೆ ಲೈಬ್ರರಿ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಬಂದು, "ಏನಪ್ಪಾ, ಕ್ಯಾನ್ಸರ್ ಕೂಡ ಪಾಪವಾ ನಿನ್ನ ಮಷೀನಿಗೆ?" ಅಂತ ಬೈದರು. ಆಮೇಲೆ ಒಂದು ಚೀಟಿ ವ್ಯವಸ್ಥೆ ಮಾಡಿದೆವು. ಪುಟದ ವಿಳಾಸ ಬರೆದು ಸಿಸ್ಟರ್ ಕೈಗೆ ಕೊಟ್ಟರೆ ಸಾಕು, ಕಾರಣ ಬರೆಯಬೇಕಾಗಿಲ್ಲ. ನಿಮ್ಮ ಫಾರ್ಮಿನಲ್ಲಿ ಇಂಥ ದಾರಿ ಇದೆಯಾ ನೋಡಿ. ಇಲ್ಲದಿದ್ದರೆ ಅದು ನಿಜವಾದ ಕೊರತೆ, ನೈತಿಕ ಅನೈತಿಕಕ್ಕಿಂತ ದೊಡ್ಡದು.

ಹಾಗಾದರೆ ಕ್ರಿಶ್ಚಿಯನ್ ಅನ್ನುವಂಥದ್ದು ಏನೂ ಇಲ್ಲವಾ ಅಂದರೆ, ಇದೆ. ವ್ಯಾಟಿಕನ್ 2002ರಲ್ಲೇ ಇಂಟರ್ನೆಟ್ ಬಗ್ಗೆ ಎರಡು ದಾಖಲೆ ಹೊರಡಿಸಿತ್ತು, ಫಾದರ್ ಮೀಟಿಂಗಿನಲ್ಲಿ ಆಗಾಗ ಅದನ್ನು ಎತ್ತುತ್ತಿದ್ದರು. ಹೋದ ಸಲ ಹಳೇ ಕಾಲೇಜಿಗೆ ಹೋದಾಗ ಲ್ಯಾಬಿನ ಗೋಡೆ ಮೇಲೆ ಹೊಸ ಫೋಟೊ ಇತ್ತು. ಬೆನ್ನಿಗೆ ಬ್ಯಾಗು, ಟೀ ಶರ್ಟು, ಗುಂಗುರು ಕೂದಲು. ಸೀನಿಯರ್ ಹುಡುಗ ಇರಬೇಕು ಅಂದುಕೊಂಡೆ. ಅದು ಕಾರ್ಲೊ ಅಕುತಿಸ್. ಇಟಲಿಯಲ್ಲಿ ಬೆಳೆದ ಹುಡುಗ, ಪರಮಪ್ರಸಾದದ, ಅಂದರೆ ಚರ್ಚಿನ ಪೂಜೆಯಲ್ಲಿ ಕೊಡುವ ರೊಟ್ಟಿಯ, ಪವಾಡಗಳ ಬಗ್ಗೆ ವೆಬ್‌ಸೈಟ್ ಮಾಡಿದ್ದ, 2006ರಲ್ಲಿ ಹದಿನೈದನೇ ವಯಸ್ಸಿಗೆ ಲ್ಯುಕೇಮಿಯಾದಿಂದ ತೀರಿಕೊಂಡ. 2025ರ ಸೆಪ್ಟೆಂಬರಿನಲ್ಲಿ ಪೋಪ್ ಅವನನ್ನು ಸಂತ ಅಂತ ಘೋಷಿಸಿದರು. ಗೇಮ್ ಆಡುವುದಕ್ಕೆ ತನಗೆ ತಾನೇ ವಾರಕ್ಕೆ ಒಂದು ಗಂಟೆ ಅಂತ ಮಿತಿ ಹಾಕಿಕೊಂಡಿದ್ದನಂತೆ. ಫೋಟೊದ ಕೆಳಗಿನ ಸಿಸ್ಟಮಿನಲ್ಲೇ ಒಬ್ಬ ಆರಾಮಾಗಿ ಗೇಮ್ ಆಡುತ್ತಿದ್ದ, ಅದು ಬೇರೆ ಮಾತು.

ಹಾಸ್ಟೆಲ್ ನಿಯಮ ಮಾತ್ರ ಗಮನ ಇಟ್ಟು ಓದಿ. ರಾತ್ರಿ ಹತ್ತೂವರೆಗೆ ವೈಫೈ ಬಂದ್ ಅಂದರೆ ನನ್ನ ತಕರಾರಿಲ್ಲ, ಅದು ಅವರ ವೈಫೈ. ಮಗಳ ಫೋನನ್ನೇ ವಾರ್ಡನ್ ಕೈಗೆ ಒಪ್ಪಿಸಬೇಕು ಅಂತಿದ್ದರೆ ಮಾತಾಡಿ. ಕೋಳಿಕ್ಕೋಡ್ ಹತ್ತಿರದ ಒಂದು ಕಾಲೇಜಿನ ಹಾಸ್ಟೆಲ್ಲಿನಲ್ಲಿ ಸಂಜೆ ಆರರಿಂದ ಹತ್ತರವರೆಗೆ ಫೋನ್ ಮುಟ್ಟಬಾರದು ಅಂತ ಇತ್ತು. ಒಪ್ಪದ ಹುಡುಗಿಯನ್ನು ಹಾಸ್ಟೆಲ್ಲಿನಿಂದ ಹೊರಗೆ ಹಾಕಿದರು. 2019ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟ್ ಅವಳ ಪರ ತೀರ್ಪು ಕೊಟ್ಟಿತು. ಇಂಟರ್ನೆಟ್ ಬಳಸುವ ಹಕ್ಕು ಓದುವ ಹಕ್ಕಿನಲ್ಲೂ ಖಾಸಗಿತನದಲ್ಲೂ ಸೇರಿದೆ ಅಂದಿತು. ಆ ತೀರ್ಪು ಕರ್ನಾಟಕವನ್ನು ಕಟ್ಟಿಹಾಕುವುದಿಲ್ಲ. ಆದರೆ ವಾರ್ಡನ್ ಸಿಸ್ಟರ್ ಜೊತೆ ನಯವಾಗಿ ಮಾತಾಡುವಾಗ ನೆನಪಿನಲ್ಲಿರಲಿ.

ಫಾರ್ಮಿನಲ್ಲಿ '66ಎ ಪ್ರಕಾರ ಕ್ರಮ' ಅಂತ ಇದ್ದರೆ ನಕ್ಕು ಬಿಡಿ. ಆನ್‌ಲೈನಿನಲ್ಲಿ ಆಕ್ಷೇಪಾರ್ಹ ಮೆಸೇಜ್ ಕಳಿಸಿದರೆ ಶಿಕ್ಷೆ ಅನ್ನುತ್ತಿದ್ದ ಐಟಿ ಕಾಯ್ದೆಯ ಕಲಂ ಅದು. ಆ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚಿನಲ್ಲೇ ರದ್ದು ಮಾಡಿದೆ. ನಾನು ತಿದ್ದುವುದಕ್ಕೆ ಕೂತಾಗ ನಮ್ಮ ಫಾರ್ಮಿನಲ್ಲೂ ಅದಿತ್ತು, ಯಾವುದೋ ಹಳೇ ಕಾಪಿಯಿಂದ ಇಳಿಸಿದ್ದು. ಪೆನ್‌ಡ್ರೈವ್ ಬೇಡ ಅಂದರೆ ವೈರಸ್ ಭಯಕ್ಕೆ, ಲ್ಯಾಬಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತು ಆ ಗೋಳು. ಲೈಬ್ರರಿಯ ಎನ್-ಲಿಸ್ಟ್ (ಕಾಲೇಜುಗಳಿಗೆ ಇ-ಪುಸ್ತಕ, ಪತ್ರಿಕೆ ಒದಗಿಸುವ ಆನ್‌ಲೈನ್ ವ್ಯವಸ್ಥೆ) ಐಡಿಯಲ್ಲಿ ಪುಸ್ತಕಗಳನ್ನು ರಾಶಿ ರಾಶಿ ಡೌನ್‌ಲೋಡ್ ಮಾಡಬಾರದು ಅಂತಿದ್ದರೆ ಅದನ್ನು ಪಾಲಿಸಲಿ, ಒಬ್ಬರು ಮಾಡಿದ್ದಕ್ಕೆ ಇಡೀ ಕಾಲೇಜಿನ ಸಂಪರ್ಕ ನಿಲ್ಲಬಹುದು.

ಸಹಿ ಹಾಕಿದ ಮೇಲೆ ಒಂದು ಜೆರಾಕ್ಸ್ ಕೇಳಿ ಇಟ್ಟುಕೊಳ್ಳಿ, ಕೊಡುತ್ತಾರೆ. ಮಗಳಿಗೆ ಒಂದೇ ಮಾತು ಹೇಳಿ ಕಳಿಸಿ: ಎಷ್ಟೇ ಹತ್ತಿರದ ಗೆಳತಿ ಆದರೂ ಪಾಸ್‌ವರ್ಡ್ ಬೇಡ. ಬೇಕಿದ್ದರೆ ಅವಳ ಅಸೈನ್‌ಮೆಂಟನ್ನು ಇವಳೇ ಕಳಿಸಿಕೊಡಲಿ. ಹಾಂ, ಲ್ಯಾಬಿನಿಂದ ಏಳುವಾಗ ಲಾಗ್‌ಔಟ್ ಮಾಡಲಿ. ಸಂಜೆ ಬಾಗಿಲು ಹಾಕುವ ಮೊದಲು ನಾನು ದಿನಾ ನಾಲ್ಕೈದು ಜನರ ಜಿಮೇಲ್ ಮುಚ್ಚುತ್ತಿದ್ದೆ. ಒಂದು ದಿನ ಹಾಗೇ ತೆರೆದು ಬಿಟ್ಟು ಹೋಗಿದ್ದದ್ದು ಸೈಬರ್ ಸೆಕ್ಯುರಿಟಿ ಪಾಠ ಮಾಡುವ ಮೇಷ್ಟ್ರದ್ದು.