ಹಳೇ ಬ್ರಿಟಿಷ್ ಸಂಗೀತ ಚಿತ್ರಗಳಲ್ಲಿ ನಾಯಕಿ ಹೆಚ್ಚಾಗಿ ಹಾಡುಗಾರ್ತಿಯೇ ಆಗಿರುತ್ತಿದ್ದಳು, ಯಾಕೆ?

ಹಾಡಿಗೆ ಕಥೆಯೊಳಗೇ ಒಂದು ಕಾರಣ ಬೇಕಿತ್ತು, ಅದಕ್ಕೇ. ಸಿನಿಮಾ ಆಗಷ್ಟೇ ಮಾತು ಕಲಿತಿತ್ತು. ಮಾತಾಡುತ್ತಿದ್ದವಳು ಸುಮ್ನೆ ಇದ್ದಕ್ಕಿದ್ದಂತೆ ಹಾಡತೊಡಗಿದರೆ, ವಾದ್ಯದ ಸದ್ದು ಎಲ್ಲಿಂದ ಬಂತು ಅಂತ ನೋಡುವವರಿಗೆ ಗೊಂದಲ ಆಗುತ್ತೆ ಅಲ್ವಾ? ಹಾಡೇ ಅವಳ ಹೊಟ್ಟೆಪಾಡು ಅಂತಾದರೆ ಆ ಪ್ರಶ್ನೆಯೇ ಬರುವುದಿಲ್ಲ.

1931ರ ‘ಸ್ಯಾಲಿ ಇನ್ ಅವರ್ ಆ್ಯಲಿ’ ನೋಡಿ. ಲಂಡನ್ನಿನ ಬಡ ಕೇರಿಯ ಕಾಫಿ ಅಂಗಡಿಯಲ್ಲಿ, ಗಿರಾಕಿಗಳ ಮುಂದೆಯೇ ಸ್ಯಾಲಿ ಹಾಡುತ್ತಾಳೆ. ಪ್ರಿಯಕರ ಯುದ್ಧದಲ್ಲಿ ಸತ್ತ ಅಂತ ನಂಬಿದ್ದಾಳೆ. ಸ್ಯಾಲಿಯಾಗಿ ನಟಿಸಿದ ಗಾಯಕಿ ಗ್ರೇಸಿ ಫೀಲ್ಡ್ಸ್‌ಗೆ ಇದು ಮೊದಲ ಸಿನಿಮಾ. ಆದರೆ ಚಿಕ್ಕಂದಿನಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಊರಿನ ಹತ್ತಿ ಗಿರಣಿಯಲ್ಲಿ ದುಡಿದು, ಆಮೇಲೆ ಮ್ಯೂಸಿಕ್ ಹಾಲ್ ಅನ್ನುವ ಹಾಡು-ಹಾಸ್ಯದ ರಂಗಮಂದಿರಗಳಲ್ಲಿ ವರ್ಷಗಟ್ಟಲೆ ಹಾಡಿ ಬಂದ ಅವರಿಗೆ ಇಂಥ ಬದುಕು ಚೆನ್ನಾಗಿ ಗೊತ್ತಿತ್ತು. ಚಿತ್ರದ ‘ಸ್ಯಾಲಿ’ ಹಾಡು ಕೊನೆಯವರೆಗೂ ಅವರ ಗುರುತಾಗಿಯೇ ಉಳಿಯಿತು.